ಘಟನೋತ್ತರ ಪುರಾಣ

ನಮ್ಮೂರ ಪುರಸಭೆಯ ಸಾಮಾನ್ಯ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವ ಚಟ ನನಗಿದೆ. ಮನೆಯವರು ಧಾರಾವಾಹಿ ನೋಡುತ್ತಾರೆ, ನಾನು ಇದನ್ನು ನೋಡುತ್ತೇನೆ. ಜಗಳ ಎರಡರಲ್ಲೂ ಇದೆ. ಇಲ್ಲಿ ಜೊತೆಗೆ ಖಾರಾ ಬೂಂದಿ, ಕಾಫಿ ಸಿಗುತ್ತದೆ.

ಮೊನ್ನೆ ಅಜೆಂಡಾದ ಒಂದು ಪ್ರತಿ ಕೈಗೆ ಸಿಕ್ಕಿತು. ಅರ್ಧಕ್ಕಿಂತ ಜಾಸ್ತಿ ವಿಷಯಗಳ ಕೊನೆಗೆ ಒಂದೇ ಬಾಲ: ‘ಘಟನೋತ್ತರ ಮಂಜೂರಾತಿ ನೀಡುವ ಬಗ್ಗೆ’. ಈ ಮಾತು ಕೇಳಿರದ ಪುಣ್ಯವಂತರಿಗೆ ಹೇಳಿಬಿಡುತ್ತೇನೆ. ಕೆಲಸ ಮೊದಲು ಆಗುತ್ತದೆ. ದುಡ್ಡು ಖರ್ಚಾಗುತ್ತದೆ. ಆಮೇಲೆ ಸಭೆ ಸೇರಿ, ಈ ಕೆಲಸ ಮಾಡಬಹುದು ಅಂತ ಒಪ್ಪಿಗೆ ಕೊಡುತ್ತದೆ. ಮಗುವಿನ ನಾಮಕರಣ ಮುಗಿಸಿಕೊಂಡು ಹೆಣ್ಣು ನೋಡಲು ಹೊರಟ ಹಾಗೆ.

ತುರ್ತಿಗೆ ಇದು ಬೇಕು, ಇಲ್ಲ ಅನ್ನುವುದಿಲ್ಲ. ಬೋರ್‌ವೆಲ್ ಮೋಟರ್ ಸುಟ್ಟುಹೋದರೆ ಕೋರಂ ಆಗುವ ತನಕ ಜನ ಕೊಡ ಹಿಡಿದು ನಿಲ್ಲಲು ಆಗುತ್ತದಾ? ಆದರೆ ನಮ್ಮ ಪುರಸಭೆಗೆ ಎಲ್ಲವೂ ತುರ್ತು. ಜನವರಿ 26ಕ್ಕೆ ಗಣರಾಜ್ಯೋತ್ಸವ ಇದೆ ಅನ್ನುವ ಸುದ್ದಿ ಅದಕ್ಕೆ ಮುಟ್ಟುವುದು 25ರ ಸಂಜೆ. ಶಾಮಿಯಾನ, ಸುಣ್ಣ, ಮೈಕು, ಲಾಡು, ಎಲ್ಲವೂ ರಾತ್ರೋರಾತ್ರಿ. 1950ರಿಂದ ಅದೇ ತಾರೀಖಿಗೆ ಬರುತ್ತಿರುವ ಹಬ್ಬ ಪ್ರತಿ ವರ್ಷವೂ ಹೇಳದೆ ಕೇಳದೆ ಬಂದುಬಿಡುತ್ತದೆ. ಮಳೆಗಾಲದ್ದೂ ಅದೇ ಬುದ್ಧಿ. ಜೂನ್‌ನಲ್ಲಿ ಮಳೆ ಬರಬಹುದು ಅಂತ ಯಾರಾದರೂ ಒಂದು ಅರ್ಜಿ ಕೊಟ್ಟಿದ್ದರೆ ಮೇ ತಿಂಗಳಲ್ಲೇ ಹೂಳು ತೆಗೆಸುತ್ತಿದ್ದರೋ ಏನೋ.

ಇನ್ನು ಸಭೆ. ಗುಮಾಸ್ತರು ವಿಷಯ ಓದುತ್ತಾರೆ. ಒಬ್ಬ ಸದಸ್ಯರು ಎದ್ದು ನಿಲ್ಲುತ್ತಾರೆ. ‘ಅಧ್ಯಕ್ಷರೇ, ಮೋಟರ್ ರಿಪೇರಿಗೆ ಇಷ್ಟು ಬಿಲ್ಲಾ? ಇಷ್ಟಕ್ಕೆ ಹೊಸದೇ ಬರ್ತಿತ್ತಲ್ರೀ!’ ಇನ್ನೊಬ್ಬರು, ‘ನಮ್ಮ ವಾರ್ಡಿಗೆ ಒಂದು ಬಲ್ಬಿಗೆ ಗತಿ ಇಲ್ಲ’ ಅಂತ ಮೇಜು ಕುಟ್ಟುತ್ತಾರೆ. ಮೂರನೆಯವರು ಅಜೆಂಡಾ ಹರಿದು ತೂರುತ್ತಾರೆ. ಮುಖ್ಯಾಧಿಕಾರಿಗಳು ತಲೆ ಎತ್ತದೆ, ‘ಪರಿಶೀಲಿಸ್ತೀವಿ ಸರ್’ ಅನ್ನುತ್ತಾರೆ. ಅಷ್ಟರಲ್ಲಿ ಕಾಫಿ ಬರುತ್ತದೆ. ನಡಾವಳಿ ಪುಸ್ತಕದಲ್ಲಿ ಈ ಕುರುಕ್ಷೇತ್ರ ಹೀಗೆ ದಾಖಲಾಗುತ್ತದೆ: ‘ಸುದೀರ್ಘವಾಗಿ ಚರ್ಚಿಸಿ, ಸರ್ವಾನುಮತದಿಂದ ಒಪ್ಪಿಗೆ ನೀಡಲಾಯಿತು.’ ಮೋಟರ್ ಬಗ್ಗೆ ಕೂಗಿದವರ ಸಹಿ ಎಲ್ಲರಿಗಿಂತ ದುಂಡಗೆ ಇರುತ್ತದೆ.

ಪಾಪ, ಸದಸ್ಯರನ್ನು ಬೈದು ಏನು ಬಂತು? ಅವರೂ ಒಂದು ರೀತಿಯಲ್ಲಿ ಘಟನೋತ್ತರ ಸದಸ್ಯರೇ. 2018ರ ಆಗಸ್ಟ್ ಕೊನೆಗೆ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಚುನಾವಣೆ ಆಯಿತು. ನಮ್ಮೂರೂ ಅದರಲ್ಲಿತ್ತು. ಗೆದ್ದವರು ಪಟಾಕಿ ಹೊಡೆದರು. ಅಷ್ಟರಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಬಂತು, ಬದಲಾಯಿತು, ಕೋರ್ಟಿಗೆ ಹೋಯಿತು. ಅಧ್ಯಕ್ಷರ ಆಯ್ಕೆ ಆದದ್ದು 2020ರ ಕೊನೆಗೆ. ಎರಡು ವರ್ಷ ನಮ್ಮ ಸದಸ್ಯರು ಮದುವೆ ಮನೆಗಳಲ್ಲಿ ಮಾತ್ರ ಸದಸ್ಯರಾಗಿದ್ದರು. ಐದು ವರ್ಷದ ಲೆಕ್ಕ ಹಿಡಿಯುವುದು ಮೊದಲ ಸಭೆಯಿಂದ, ಹಾಗಾಗಿ ಅವರಿಗೇನೂ ನಷ್ಟ ಇಲ್ಲ ಅಂತ ವಕೀಲರು ಸಮಾಧಾನ ಹೇಳಿದರು. ಊರಿಗೆ ಆದ ನಷ್ಟದ ಬಗ್ಗೆ ವಕೀಲರನ್ನು ಯಾರೂ ಕೇಳಲಿಲ್ಲ. ಅಧ್ಯಕ್ಷರ ಮೊದಲ 30 ತಿಂಗಳು ಮುಗಿದ ಮೇಲೆ ಮತ್ತೆ ಅದೇ ಕಥೆ. ಎರಡನೇ ಅವಧಿಯ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಸರ್ಕಾರವೇ ಪಟ್ಟಿಯನ್ನು ತಡವಾಗಿ ಕೊಡುವಾಗ ಪುರಸಭೆ ಮಾತ್ರ ಒಂದು ಬಲ್ಬನ್ನು ಸರಿಯಾದ ಹೊತ್ತಿಗೆ ಯಾಕೆ ಹಾಕಬೇಕು ಹೇಳಿ.

ಸಂವಿಧಾನದ 74ನೇ ತಿದ್ದುಪಡಿ ಬಂದಾಗ ಇಂಥ ಸಂಸ್ಥೆಗಳಿಗೆ ಅಂತ 18 ಕೆಲಸಗಳ ಪಟ್ಟಿ ಮಾಡಿದರು. ರಸ್ತೆ, ನೀರು, ಸ್ಮಶಾನ, ಅಗ್ನಿಶಾಮಕ, ಬೀದಿ ದೀಪ ಎಲ್ಲ ಅದರಲ್ಲಿವೆ. ಬಿಡಾಡಿ ದನಗಳ ದೊಡ್ಡಿಯೂ ಇದೆ. ನಮ್ಮಲ್ಲಿ ದೊಡ್ಡಿ ಬೇರೆ ಕಟ್ಟಿಲ್ಲ. ದನಗಳು ಪುರಸಭೆಯ ಪೋರ್ಟಿಕೋದಲ್ಲೇ ಮಲಗುತ್ತವೆ. ಹಾಜರಾತಿಯಲ್ಲಿ ಅವುಗಳನ್ನು ಮೀರಿಸುವವರು ಕಟ್ಟಡದ ಒಳಗೆ ಯಾರೂ ಇಲ್ಲ.

ಬೆಳಗ್ಗೆ ಐದೂವರೆಗೆ ಪೊರಕೆ ಹಿಡಿದು ಬರುವ ಪೌರಕಾರ್ಮಿಕರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವರು ಮೊದಲು ಕಸ ಗುಡಿಸುತ್ತಾರೆ. ಸಂಬಳ ಆಮೇಲೆ ಬರುತ್ತದೆ. ಅಲ್ಲೂ ಘಟನೋತ್ತರವೇ, ಆದರೆ ಅದನ್ನು ನೆನೆದರೆ ನಗು ಬರುವುದಿಲ್ಲ.

ಇರಲಿ, ನನ್ನ ಕಥೆಗೆ ಬರುತ್ತೇನೆ. ನಮ್ಮ ಬೀದಿಗೆ ಚರಂಡಿ ಇಲ್ಲ. ಸಭೆ ಮುಗಿದ ಮೇಲೆ ಗುಮಾಸ್ತರ ಹತ್ತಿರ ಹೋಗಿ ಕೇಳಿದೆ. ಅವರು ದಪ್ಪ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದರು. ಮುಖ ಅರಳಿತು.

‘ಏನ್ ಸಾರ್, ನಿಮ್ಮ ಬೀದಿ ಚರಂಡಿಗೆ ಹೋದ ಸಭೇಲೇ ಘಟನೋತ್ತರ ಮಂಜೂರಾತಿ ಆಗಿದೆಯಲ್ಲ!’

‘ಚರಂಡಿ ಎಲ್ಲಿದೆ ಸ್ವಾಮಿ? ನಾನು ದಿನಾ ಅಲ್ಲೇ ಓಡಾಡೋದು.’

ಅವರು ಮತ್ತೊಮ್ಮೆ ಸಾಲಿನ ಮೇಲೆ ಬೆರಳಿಟ್ಟು ಓದಿಕೊಂಡರು. ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: ‘ಮಂಜೂರಾತಿ ಆಗಿದೆ ಸಾರ್. ಘಟನೆ ಒಂದು ಬಾಕಿ ಇದೆ.’

ನನಗೆ ಮಾತು ಹೊರಡಲಿಲ್ಲ. ಅವರೇ ಒಂದು ಬಿಳಿ ಹಾಳೆ ಮುಂದಿಟ್ಟರು. ಅರ್ಜಿ ಬರೆದುಕೊಡಿ, ಮುಂದಿನ ಸಭೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಅನ್ನುವುದರಲ್ಲಿ ಸೇರಿಸೋಣ ಅಂದರು. ಬರೆದೆ. ಸಹಿ ಹಾಕಿದೆ. ತಾರೀಖು ಹಾಕಲು ಹೋದಾಗ ಗಬಕ್ಕನೆ ಕೈ ಹಿಡಿದುಕೊಂಡರು.

‘ಅದೊಂದು ಬಿಡಿ ಸಾರ್. ಆಮೇಲೆ ನಾವೇ ಹಾಕ್ಕೋತೀವಿ.’