ಕೋವಿಗೆ ಪೂಜೆ ಸರಿ, ತೋಟೆ ತುಂಬಿದವರಿಗೆ?

ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಕೋವಿಗೆ ತೋಕ್ ಪೂ ಅನ್ನುವ ಹೂ ಇಟ್ಟು ಕೈ ಮುಗಿಯುತ್ತೇವೆ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತೇವೆ. ಕೊಡಗಿನಲ್ಲಿ ಸೈನ್ಯಕ್ಕೆ ಒಬ್ಬರನ್ನೂ ಕಳಿಸದ ಕುಟುಂಬ ಹುಡುಕಿದರೂ ಸಿಗುವುದು ಕಷ್ಟ. ಇದೆಲ್ಲ ನನಗೂ ಹೆಮ್ಮೆಯೇ. ಆದರೆ ಆ ಕೋವಿಯೊಳಗೆ ಹೋಗುವ ತೋಟೆಯನ್ನು ತುಂಬಿದವರು ಯಾರು ಅಂತ ಯಾವತ್ತಾದರೂ ಕೇಳಿದ್ದೀವಾ? ನಾವು ಹೇಳುವ ಯುದ್ಧದ ಕಥೆಗಳಲ್ಲಿ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರಿಗೆ ಜಾಗವೇ ಇಲ್ಲ. ಇದು ಸರಿಯಲ್ಲ.

ದೂರ ಹೋಗುವುದೇ ಬೇಡ. ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿರುವ, ಸೇನಾಧಿಕಾರಿಗಳಿಗೆ ತರಬೇತಿ ಕೊಡುವ ಸ್ಟಾಫ್ ಕಾಲೇಜಿಗೆ ನಮ್ಮ ಎಷ್ಟೋ ಆಫೀಸರುಗಳು ಹೋಗಿ ಬಂದಿದ್ದಾರೆ. ಅದರ ಪಕ್ಕದಲ್ಲೇ ಅರವಂಕಾಡಿನಲ್ಲಿ ಕಾರ್ಡೈಟ್ ಫ್ಯಾಕ್ಟರಿ ಇದೆ. 20ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ಕಟ್ಟಿದ್ದು. ಊಟಿ ರೈಲಿನ ಕಿಟಕಿಯಿಂದ ನಾವು ಟೀ ತೋಟದ ಫೋಟೊ ತೆಗೆದುಕೊಳ್ಳುವ ದಾರಿಯಲ್ಲೇ ಅದು ಸಿಗುತ್ತದೆ. ಕಾರ್ಡೈಟ್ ಅಂದರೆ ಗುಂಡನ್ನು ಮುಂದಕ್ಕೆ ತಳ್ಳುವ ಮದ್ದು. ನೈಟ್ರೋಗ್ಲಿಸರಿನ್ ಅನ್ನುವ ಸ್ಫೋಟಕ ದ್ರವ, ಗನ್‌ಕಾಟನ್ ಅಂದರೆ ಆಮ್ಲದಲ್ಲಿ ಅದ್ದಿ ಸ್ಫೋಟಕ ಮಾಡಿದ ಹತ್ತಿ, ಸ್ವಲ್ಪ ವ್ಯಾಸಲೀನ್ ಸೇರಿಸಿ ಹಿಟ್ಟಿನ ಹಾಗೆ ನಾದಿ, ಶ್ಯಾವಿಗೆ ಎಳೆಯಂತೆ ಒತ್ತಿ ತೆಗೆಯುತ್ತಿದ್ದರು. .303 ರೈಫಲ್ಲಿನ ಗುಂಡು ಹಾರುತ್ತಿದ್ದದ್ದು ಇದರ ಬಲದಿಂದಲೇ.

ನೈಟ್ರೋಗ್ಲಿಸರಿನ್ ಜೊತೆ ಕೆಲಸ ಮಾಡುವವರಿಗೆ ಒಂದು ಕಾಯಿಲೆ ಇತ್ತು, ಸೋಮವಾರದ ತಲೆನೋವು. ಅದರ ಆವಿ ರಕ್ತನಾಳ ಹಿಗ್ಗಿಸಿ ತಲೆ ಸಿಡಿಯುವಂತೆ ಮಾಡುತ್ತದೆ. ವಾರವಿಡೀ ಕೆಲಸ ಮಾಡಿದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ, ಭಾನುವಾರ ಮನೆಯಲ್ಲಿದ್ದರೆ ಆ ಒಗ್ಗಿಕೆ ಹೋಗಿ ಸೋಮವಾರ ಮತ್ತೆ ಅದೇ ನರಕ. ಈ ನೋವು ಬರಬಾರದು ಅಂತ ರಜೆಯಲ್ಲೂ ಟೋಪಿಯ ಪಟ್ಟಿಗೆ ಸ್ವಲ್ಪ ನೈಟ್ರೋಗ್ಲಿಸರಿನ್ನನ್ನೇ ಹಚ್ಚಿಕೊಂಡು ಓಡಾಡಿದ ಕೆಲಸಗಾರರಿದ್ದರು. ರಜೆಯ ದಿನವೂ ವಿಷ ಮೂಸಬೇಕಾದ ಬದುಕು ಅದು.

ನಮ್ಮ ಮಾವ ಒಬ್ಬರು ಪುಣೆ ಕಡೆ ಮದ್ದುಗುಂಡು ಕಾರ್ಖಾನೆಯಲ್ಲಿದ್ದರು. ಗೇಟಿನಲ್ಲೇ ಬೀಡಿ, ಬೆಂಕಿಪೆಟ್ಟಿಗೆ ಎಲ್ಲ ಬಿಟ್ಟು ಹೋಗಬೇಕು. ಒಳಗೆ ಬೇರೆ ಬಟ್ಟೆ, ಬೇರೆ ಚಪ್ಪಲಿ. ಕಿಡಿ ಹಾರದಿರಲಿ ಅಂತ ಹಿತ್ತಾಳೆ, ತಾಮ್ರದ ಹತಾರಗಳು. ಒಂದೊಂದು ಶೆಡ್ಡಿನ ಸುತ್ತ ಮಣ್ಣಿನ ದಿಬ್ಬ, ಒಂದು ಹಾರಿಹೋದರೂ ಪಕ್ಕದ್ದು ಉಳಿಯಲಿ ಅಂತ. ಅಂದರೆ ಶೆಡ್ ಕಟ್ಟುವಾಗಲೇ ಅದು ಒಂದು ದಿನ ಹಾರಬಹುದು ಅಂತ ಲೆಕ್ಕ ಹಾಕಿರುತ್ತಾರೆ. ಒಳಗೆ ಕೂತವರಿಗೂ ಅದು ಗೊತ್ತಿರುತ್ತದೆ. ಹಾಗಿದ್ದರೂ ಊರಿಗೆ ಬಂದಾಗ ಮಾವನಿಗೆ ಸಿಗುತ್ತಿದ್ದ ಪ್ರಶ್ನೆ, 'ಓ, ನೀವು ಮಿಲಿಟರಿ ಅಲ್ವಾ? ಬರೀ ಫ್ಯಾಕ್ಟರಿನಾ?' ಆ 'ಬರೀ' ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಮೊದಲ ಮಹಾಯುದ್ಧದ ಇಂಗ್ಲೆಂಡಿನ ಕಥೆ ಇನ್ನೂ ಕಠಿಣ. ಗಂಡಸರು ಯುದ್ಧಕ್ಕೆ ಹೋದ ಮೇಲೆ ಲಕ್ಷಾಂತರ ಹೆಂಗಸರು ಈ ಕಾರ್ಖಾನೆಗಳಿಗೆ ಬಂದರು. ಶೆಲ್‌ಗೆ ತುಂಬುವ ಟಿಎನ್‌ಟಿ ಅನ್ನುವ ಸ್ಫೋಟಕ ಮುಟ್ಟಿ ಮುಟ್ಟಿ ಚರ್ಮ ಹಳದಿಯಾಗುತ್ತಿತ್ತು, ಜನ ಅವರನ್ನು ಹಳದಿ ಬಣ್ಣದ ಕ್ಯಾನರಿ ಹಕ್ಕಿಗಳು ಅಂತ ಕರೆಯುತ್ತಿದ್ದರು. ಲೀಡ್ಸ್ ಹತ್ತಿರದ ಬಾರ್ನ್‌ಬೋ ಕಾರ್ಖಾನೆ ಆ ವಿಷ ಏರದಿರಲಿ ಅಂತ ಕೆಲಸದವರಿಗೆ ಹಾಲು ಕೊಡಲು ತನ್ನದೇ ಹಸುಗಳನ್ನು ಸಾಕಿತ್ತು. 1916ರ ಡಿಸೆಂಬರ್ 5ರ ರಾತ್ರಿ, ಪಾಳಿ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಶೆಲ್‌ಗಳಿಗೆ ಫ್ಯೂಸ್ ಕೂರಿಸುವ ಕೋಣೆಯಲ್ಲಿ ಸ್ಫೋಟವಾಗಿ 35 ಹೆಂಗಸರು ಸತ್ತರು. ಕೆಲವರ ಗುರುತು ಸಿಕ್ಕಿದ್ದು ಕೊರಳಿನ ಬಿಲ್ಲೆಯಿಂದ ಮಾತ್ರ. ಹೆಣಗಳನ್ನು ಹೊರಗೆ ತೆಗೆದ ಸ್ವಲ್ಪ ಹೊತ್ತಿಗೇ ಅದೇ ಕೋಣೆಗೆ ಬೇರೆ ಹೆಂಗಸರು ತಾವಾಗಿಯೇ ಕೆಲಸಕ್ಕೆ ಬಂದರು. ಯುದ್ಧ ಮುಗಿಯುವ ತನಕ ಸರ್ಕಾರ ಈ ಸುದ್ದಿ ಮುಚ್ಚಿಟ್ಟಿತು. 1918ರ ಜುಲೈ 1ರಂದು ಇಂಗ್ಲೆಂಡಿನದೇ ಚಿಲ್ವೆಲ್‌ನ ಶೆಲ್ ಕಾರ್ಖಾನೆ ಸ್ಫೋಟವಾಗಿ 134 ಜನ ಸತ್ತಾಗ ಗುರುತು ಹಿಡಿಯಲು ಆದದ್ದು 32 ಹೆಣಗಳನ್ನು ಮಾತ್ರ.

ಇದೆಲ್ಲ ಹಳೆಯ ಕಾಲದ್ದು ಅನ್ನಬೇಡಿ. 2025ರ ಜನವರಿ 24ರಂದು ಮಹಾರಾಷ್ಟ್ರದ ಭಂಡಾರ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಸ್ಫೋಟವಾಗಿ 8 ಜನ ಸತ್ತರು. ಗಡಿಯಲ್ಲಿ ಒಬ್ಬ ಯೋಧ ಹುತಾತ್ಮನಾದರೆ ನಮ್ಮ ವಾಟ್ಸಾಪ್ ಗುಂಪುಗಳೆಲ್ಲ ತುಂಬಿ ಹೋಗುತ್ತವೆ, ಹೋಗಲೇಬೇಕು. ಆ 8 ಜನರಿಗೆ ನಮ್ಮ ಗುಂಪುಗಳಲ್ಲಿ ಒಂದು ಸಾಲೂ ಬರಲಿಲ್ಲ.

'ಅವರು ಸಂಬಳಕ್ಕೆ ಕೆಲಸ ಮಾಡಿದವರು' ಅಂತ ಕೆಲವರು ಹೇಳುತ್ತಾರೆ. ಸೈನಿಕನಿಗೂ ಸಂಬಳ ಇದೆ, ಅದರಿಂದ ಅವನ ಗೌರವ ಕಡಿಮೆಯಾಗಿದೆಯಾ? ಕಾರ್ಗಿಲ್‌ನಲ್ಲಿ ನಮ್ಮ ಫಿರಂಗಿ ದಳ ಸುಮಾರು 2.5 ಲಕ್ಷ ಶೆಲ್, ಬಾಂಬ್, ರಾಕೆಟ್ ಹಾರಿಸಿತು. ಒಂದೊಂದನ್ನೂ ಯಾರೋ ಎಲ್ಲೋ ಒಂದು ಶೆಡ್ಡಿನಲ್ಲಿ ಉಸಿರು ಬಿಗಿಹಿಡಿದು ತುಂಬಿರಲೇಬೇಕಲ್ವಾ.

ಮಡಿಕೇರಿಯ ಸನ್ನಿ ಸೈಡ್, ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ಮ್ಯೂಸಿಯಂ ಆಗಿದೆ. ಶಾಲೆ ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ, ಕೋವಿಗಳ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಅಲ್ಲಿ ಒಂದು ಗೋಡೆಯನ್ನು ಈ ಕೆಲಸಗಾರರಿಗೆ ಕೊಡಬೇಕು ಅಂತ ನಾನು ಅರ್ಜಿ ಬರೆಯುತ್ತಿದ್ದೇನೆ. ಅರವಂಕಾಡು, ಪುಣೆಯ ಖಡ್ಕಿ, ಬಂಗಾಳದ ಇಶಾಪುರ, ಯಾವ ಕಾರ್ಖಾನೆಯೇ ಆಗಲಿ, ಕೊಡಗಿನಿಂದ ಹೋಗಿ ದುಡಿದವರು ನಿಮ್ಮ ಕುಟುಂಬದಲ್ಲಿದ್ದರೆ ಅವರ ಹಳೆಯ ಗೇಟ್ ಪಾಸು, ಫೋಟೊ, ಸರ್ವಿಸ್ ಕಾಗದ ಹುಡುಕಿ ತೆಗೆದಿಡಿ. ಅರ್ಜಿಗೆ ಸಹಿ ಹಾಕುವವರು ಇಲ್ಲೇ ಕೆಳಗೆ ತಿಳಿಸಿ.