ಕುದಿಸಿದರೂ ಹೋಗದ್ದು

ಕೊಚ್ಚಿಗೆ ಬಂದು ಹನ್ನೊಂದು ವರ್ಷ ಆಯ್ತು. ಇಲ್ಲಿ ಹೋಟೆಲಿನಲ್ಲಿ ಕೂತ ಕೂಡಲೇ ಮೇಜಿಗೆ ಬರುವುದು ಗುಲಾಬಿ ಬಣ್ಣದ ಬಿಸಿನೀರು. ಪದಿಮುಗಂ ಅನ್ನೋ ಮರದ ಚಕ್ಕೆ ಹಾಕಿ ಕುದಿಸಿದ್ದು. ಮೊದಲ ಸಲ ಶರಬತ್ತು ಅಂದುಕೊಂಡು ಸಕ್ಕರೆ ಹುಡುಕಿದ್ದೆ.

ಈ ಅಭ್ಯಾಸಕ್ಕೆ ಕಾರಣ ಇದೆ. ಕೇರಳದ ಎಷ್ಟೋ ಮನೆಗಳಲ್ಲಿ ತೆರೆದ ಬಾವಿ, ಪಕ್ಕದಲ್ಲೇ ಪಾಯಿಖಾನೆ ಗುಂಡಿ. ಮಳೆ ಹಿಡಿದರೆ ಕಾಮಾಲೆಯ ಭಯ. ಹಾಗಾಗಿ 'ಕುದಿಸಿ' ಅನ್ನೋ ಮಾತು ಇಲ್ಲಿನ ನೀರಿಗೆ ಸರಿಯಾಗಿ ಕೂರುತ್ತದೆ. 2018ರ ಪ್ರವಾಹದಲ್ಲೂ ಹಾಗೇ. ಆರೋಗ್ಯ ಇಲಾಖೆಯವರು 'ಎಚ್ಚರವಾಗಿರಿ' ಅಂತ ಸುಮ್ನೆ ಹೇಳಿ ಬಿಡಲಿಲ್ಲ. ಕೆಸರು ನೀರಿಗೆ ಇಳಿಯುವವರು ಇಲಿಜ್ವರ ಬರದಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಬೇಕು ಅಂದರು. ಯಾರು, ಏನು, ಯಾವಾಗ, ಮೂರೂ ಅದರಲ್ಲೇ ಇತ್ತು.

ನಾನು ಜಾಣ ಅಂತ ಈ ಬುದ್ಧಿಯನ್ನು ಬಾಗೇಪಲ್ಲಿ ಕಡೆಯ ನಮ್ಮೂರಿಗೂ ಹೊತ್ತುಕೊಂಡು ಹೋದೆ. 'ಅಮ್ಮಾ, ನೀರು ಕುದಿಸಿಯೇ ಕುಡಿ' ಅಂದೆ. ಪಾಪ, ಎರಡು ವರ್ಷ ಗ್ಯಾಸು ಸುಟ್ಟು ಬೋರ್‌ವೆಲ್ ನೀರು ಕುದಿಸಿದಳು. ಊರಿನ ಗೋಡೆಯ ಮೇಲೂ ಅದೇ ಬರಹ: ಕುದಿಸಿ, ಆರಿಸಿ, ಕುಡಿಯಿರಿ.

ನಮ್ಮ ನೀರಿನ ಕಾಟವೇ ಬೇರೆ, ಫ್ಲೋರೈಡ್. ಆಳದ ಕಲ್ಲಿನಿಂದ ನೀರಿಗೆ ಇಳಿಯುವಂಥದ್ದು, ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವಂಥದ್ದು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಎಲ್ಲೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ.

ಇದು ನನಗೆ ಹೊಳೆದದ್ದು ಪಕ್ಕದ ಮನೆ ಹುಡುಗ ನಕ್ಕಾಗ. ಮುಂದಿನ ಎರಡು ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ. ಅವರಮ್ಮ ಬ್ರಷ್ ಮಾಡಲ್ಲ ಅಂತ ಅವನಿಗೇ ಬೈಯುತ್ತಿದ್ದರು. ಫ್ಲೋರೈಡಿನ ಆ ಕರೆ ಉಜ್ಜಿದರೆ ಹೋಗುವಂಥದ್ದಲ್ಲ. ಒಸಡಿನೊಳಗೆ ಹಲ್ಲು ಬೆಳೆಯುವಾಗಲೇ, ಅಂದರೆ ಎಂಟು ವರ್ಷದೊಳಗೆ ಕೂರುತ್ತದೆ. ಈ ಮಾತು ಮೊದಲು ಮುಟ್ಟಬೇಕಾದದ್ದು ಪುಟ್ಟ ಮಕ್ಕಳ ತಾಯಂದಿರಿಗೆ, ಅಲ್ವಾ? ಆದರೆ ನಾನು ನೋಡಿದ ಒಂದು ಬೋರ್ಡಿನಲ್ಲಿ 'ಫ್ಲೋರೈಡ್‌ಯುಕ್ತ ಜಲಸೇವನೆಯಿಂದ ದಂತ ಹಾಗೂ ಅಸ್ಥಿ ವೈಕಲ್ಯ' ಅಂತಿತ್ತು. ಮನೆಯಲ್ಲಿ ತೆಲುಗು ಆಡುವ ಊರು ನಮ್ಮದು. ಕನ್ನಡ ಮೇಷ್ಟ್ರಿಗೂ ಅದು ಎರಡು ಸಲ ಓದಿದರೇ ಅರ್ಥ.

ಬಾಂಗ್ಲಾದೇಶದಲ್ಲಿ ಕೊಳವೆಬಾವಿಗಳನ್ನು ಪರೀಕ್ಷೆ ಮಾಡಿ, ಆರ್ಸೆನಿಕ್ ಅನ್ನೋ ವಿಷ ಜಾಸ್ತಿ ಇದ್ದದ್ದಕ್ಕೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ತಮ್ಮ ಬಾವಿ ಕೆಟ್ಟದ್ದು ಅಂತ ಗೊತ್ತಾದ ಎಷ್ಟೋ ಮನೆಯವರು ಬೇರೆ ಬಾವಿಗೆ ಹೋದರು. ನಮ್ಮಲ್ಲೂ ನೀರಿನ ಪರೀಕ್ಷೆ ನಡೆಯುತ್ತದೆ. ಅದರ ಫಲಿತಾಂಶ ಕಡತದಲ್ಲೇ ಇದ್ದರೆ ಬಿಂದಿಗೆ ಹಿಡಿದು ನಿಂತವಳಿಗೆ ಏನು ಬಂತು?

ಫ್ಲೋರೈಡ್ ತೆಗೆಯುವ ಶುದ್ಧ ನೀರಿನ ಘಟಕ ನಮ್ಮೂರಲ್ಲೂ ಬಂದಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಆದರೆ ಅದು ಕುಡಿಯುವುದಕ್ಕೆ ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. ಮುದ್ದೆಗೆ, ಸಾರಿಗೆ, ಟೀಗೆ ಬೋರಿನ ನೀರೇ. ಹೊಟ್ಟೆಗೆ ಹೋಗುವುದು ಅದೂ ತಾನೇ?

ಕಳೆದ ಯುಗಾದಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. 'ಗ್ಯಾಸಿನ ದುಡ್ಡು ನೀನೇ ಕೊಡು' ಅಂದಳು. ಆಮೇಲೆ ಕ್ಯಾನಿನಿಂದ ಪಾತ್ರೆಗೆ ನೀರು ಬಗ್ಗಿಸಿ ಮುದ್ದೆಗೆ ಎಸರಿಟ್ಟಳು.