ಅಂಗೈಯಗಲದ ಚಿತ್ರ, ಆಳೆತ್ತರದ ವಿಮರ್ಶೆ

ಕಳೆದ ಭಾನುವಾರ ನಮ್ಮ ಕಾರ್ಡಿನ ಕೂಟದಲ್ಲಿ, ಅಂದರೆ ಪುಟ್ಟ ಕಾರ್ಡುಗಳ ಮೇಲೆ ಚಿತ್ರ ಬರೆದು ತಂದು ಪರಸ್ಪರ ಬದಲಾಯಿಸಿಕೊಳ್ಳುವವರ (ಇವಕ್ಕೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಎಂದು ಹೆಸರು) ಕೂಟದಲ್ಲಿ, ಒಬ್ಬರು ನನ್ನ ಚಿತ್ರವನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಮೊಬೈಲಿನಲ್ಲಿ ಅದರ ಫೋಟೋ ತೆಗೆದು, ಎರಡು ಬೆರಳುಗಳಿಂದ ಹಿಗ್ಗಿಸಿ ಹಿಗ್ಗಿಸಿ, ಹುಣಸೆಮರದ ಒಂದೇ ಕೊಂಬೆ ಪರದೆಯನ್ನೆಲ್ಲ ತುಂಬಿದ ಮೇಲೆ, "ಇಲ್ಲಿ ಗೆರೆ ಸ್ವಲ್ಪ ನಡುಗಿದೆ, ನೋಡಿ" ಎಂದರು. ಗೆರೆ ನಡುಗಿದ್ದು ನಿಜ. ಆದರೆ ಮೂರೂವರೆ ಅಂಗುಲ ಎತ್ತರದ ಕಾರ್ಡನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ನೋಡಿದರೆ ಯಾರ ಗೆರೆ ತಾನೇ ನೆಟ್ಟಗಿದ್ದೀತು? ಅವರೆದುರು ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಪಂಗಡವೂ ಒಂದಿದೆ. ಏನು ತೋರಿಸಿದರೂ ಅವರು "ಅಯ್ಯೋ, ಎಷ್ಟು ಮುದ್ದಾಗಿದೆ!" ಎನ್ನುತ್ತಾರೆ. ಸ್ಮಶಾನದ ಚಿತ್ರ ಬರೆದರೂ ಮುದ್ದಾಗಿದೆ, ಸತ್ತ ಕಾಗೆಯನ್ನು ಬರೆದರೂ ಮುದ್ದಾಗಿದೆ. ಕೆಟ್ಟುಹೋದ ಕಾರ್ಡಿಗೆ ಅವರು ಹೇಳುವ ಸಮಾಧಾನವಂತೂ ಇನ್ನೂ ಕಷ್ಟ: ಎ4 ಹಾಳೆಯೊಂದರಲ್ಲಿ ಒಂಬತ್ತು ಬರುತ್ತವಲ್ಲ, ಇನ್ನೊಂದು ಬರೆದರಾಯಿತು. ನಿಜಕ್ಕೂ ಕೇಳಬೇಕಾದ ಪ್ರಶ್ನೆಗಳನ್ನು ಈ ಎರಡೂ ಪಂಗಡದವರು ಕೇಳುವುದಿಲ್ಲ. ಜಲವರ್ಣ ಪೂರ್ತಿ ಆರುವ ಮೊದಲೇ ಮಾರ್ಕರು ಇಟ್ಟಿರಾ? ಒರಟು ಹಾಳೆ ಮಾರ್ಕರಿನ ಮಸಿಯನ್ನು ಕುಡಿದು, ಅದರ ಮೊನೆಯನ್ನೂ ತಿಂದುಹಾಕುತ್ತದಲ್ಲ, ನುಣುಪಾದದ್ದನ್ನು ಏಕೆ ತರಲಿಲ್ಲ? ಅರೆತೇವದ ಆಕಾಶದ ಮೇಲೆ ನೀರಿನ ಹನಿ ಬಿದ್ದು ಅರಳಿದ ಆ ಹೂಕೋಸಿನ ಕಲೆ ಬೇಕೆಂದೇ ಬಂದದ್ದೋ, ಬಂದ ಮೇಲೆ ಮೋಡ ಎಂದು ಹೆಸರು ಪಡೆದದ್ದೋ? ಇಂಥ ಒಂದು ಪ್ರಶ್ನೆಗಾಗಿ ನಾನು ಕಾದು ಕೂತದ್ದುಂಟು.

1997ರಲ್ಲಿ ಜ್ಯೂರಿಕ್ಕಿನಲ್ಲಿ ಸ್ಟಿರ್ನೆಮಾನ್ ಎಂಬ ಕಲಾವಿದ ತಾನೇ ಮಾಡಿದ 1,200 ಕಾರ್ಡುಗಳನ್ನು ಪ್ರದರ್ಶನಕ್ಕಿಟ್ಟು, ಬೇಕಾದವರು ತಾವೂ ಒಂದು ಮಾಡಿ ತಂದು ಬದಲಾಯಿಸಿಕೊಳ್ಳಿ ಎಂದ ಕಾಲದಿಂದಲೂ, ಇವನ್ನು ಮಾರಬಾರದು, ವಿನಿಮಯ ಮಾತ್ರ ಎಂಬ ಕಟ್ಟಳೆ ನಡೆದುಬಂದಿದೆ. ಬೆಲೆಯಿಲ್ಲದ ವಸ್ತುವಿಗೆ ಚೌಕಾಸಿ ಮಾಡಲು ಬರುವುದಿಲ್ಲವಾದ್ದರಿಂದ ಜನ ಅಭಿಪ್ರಾಯ ಕೊಡುತ್ತಾರೆ ಎಂದು ನನ್ನ ಗುಮಾನಿ.

ಅಭಿಪ್ರಾಯದ ಮಾತು ಬಂದಾಗ ನಮ್ಮ ಡ್ರಾಯಿಂಗ್ ಮೇಷ್ಟ್ರನ್ನು ಬಿಡುವಂತಿಲ್ಲ. ನಿವೃತ್ತರಾದರೂ ಅವರ ಕೈಯಲ್ಲಿ ಕೆಂಪು ಪೆನ್ಸಿಲು ಇದ್ದೇ ಇರುತ್ತದೆ, ಮತ್ತು ಎಲ್ಲ ಕಾರ್ಡುಗಳಿಗೂ ಅವರದು ಒಂದೇ ಪ್ರಶ್ನೆ: "ನೆರಳೆಲ್ಲಿ?" ಹಿಂದಿನ ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಸದಸ್ಯೆಯೊಬ್ಬರು ಬಸವನಗುಡಿಯ ರಸ್ತೆಯೊಂದರ ಅಂಚೆ ಪೆಟ್ಟಿಗೆಯನ್ನು ಬರೆದು ತಂದಿದ್ದರು. ಹಿಂದೆ ಜಲವರ್ಣದ ಹಳದಿ ಗೋಡೆ, ಮುಂದೆ ಮಾರ್ಕರಿನ ದುಂಡನೆಯ ಕೆಂಪು ಪೆಟ್ಟಿಗೆ, ಕೆಳಗೆ ಕಪ್ಪು ಪೀಠ. ಕೆಂಪು ಹಳದಿಯೊಳಕ್ಕೆ ಕೂದಲೆಳೆಯಷ್ಟೂ ಹರಿದಿರಲಿಲ್ಲ. ಆಕೆ ತಾಳ್ಮೆಯಿಂದ ಕಾದಿದ್ದರು ಎಂಬುದು ಅಷ್ಟರಿಂದಲೇ ತಿಳಿಯುತ್ತಿತ್ತು. ಮೇಷ್ಟ್ರು ಕನ್ನಡಕ ಏರಿಸಿ, "ಎಲ್ಲಾ ಸರಿ, ನೆರಳೆಲ್ಲಮ್ಮ?" ಎಂದರು.

ಆಕೆ ಮಾತಾಡದೆ ಕಾರ್ಡನ್ನು ಮಗುಚಿ ಇಟ್ಟರು. ಹಿಂಬದಿಯಲ್ಲಿ ಹೆಸರಿನ ಕೆಳಗೆ ಏಪ್ರಿಲ್ 24, ನಡುಮಧ್ಯಾಹ್ನ ಎಂದಿತ್ತು. ಬೆಂಗಳೂರಿಗೆ ಅದು ಶೂನ್ಯ ನೆರಳಿನ ದಿನ. ಸೂರ್ಯ ಉತ್ತರಕ್ಕೆ ಸರಿಯುವಾಗ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಮರಳುವಾಗ ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೆ ಆಗ ನೆರಳಿರುವುದಿಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮೇಷ್ಟ್ರು ಅಲುಗಲಿಲ್ಲ. "ಕಂಬಕ್ಕಿಲ್ಲ, ಸರಿ. ಅಂಚೆ ಪೆಟ್ಟಿಗೆಗೆ ಟೊಪ್ಪಿಗೆ ಇದೆಯಲ್ಲ? ಅದರ ಅಂಚು ಹೊರಗೆ ಚಾಚಿದೆ. ಆ ಅಂಚಿನ ನೆರಳು ನೇರವಾಗಿ ಕೆಳಕ್ಕಿಳಿದು ಪೀಠದ ಮೇಲೆ ಬಳೆಯ ಹಾಗೆ ಬೀಳಬೇಕು. ಬಳೆ ಎಲ್ಲಿ?"

ಒಬ್ಬರು ಹಿಲಿಯಾರ್ಡನನ್ನು ಸಾಕ್ಷಿಗೆ ಕರೆದರು. ಹದಿನಾರನೆಯ ಶತಮಾನದ ಆ ಇಂಗ್ಲಿಷ್ ಚಿತ್ರಕಾರ ಇಸ್ಪೀಟು ಎಲೆಗೆ ತೆಳು ಚರ್ಮವನ್ನು ಅಂಟಿಸಿ, ಅದರ ಮೇಲೆ ಜಲವರ್ಣದಲ್ಲಿ ಅಂಗೈಗಿಂತ ಸಣ್ಣ ಭಾವಚಿತ್ರ ಬರೆಯುತ್ತಿದ್ದವನು. ಮೊದಲನೆಯ ಎಲಿಜಬೆತ್ ಅವನೆದುರು ಕೂರುವಾಗ, ಮರವಾಗಲಿ ನೆರಳಾಗಲಿ ಇಲ್ಲದ ತೋಟದ ಬಯಲು ಹಾದಿಯನ್ನೇ ಆರಿಸಿಕೊಂಡಳೆಂದು ತಾನೇ ಬರೆದಿಟ್ಟಿದ್ದಾನೆ. ಸಣ್ಣ ಚಿತ್ರಕ್ಕೆ ನೆರಳು ಬೇಡವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕೇ? ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು, "ಆಕೆ ರಾಣಿ. ಬೇಡ ಅಂದರೆ ಬೇಡ. ಇದು ಅಂಚೆ ಪೆಟ್ಟಿಗೆ" ಎಂದರು.

ಅವರು ಅಲ್ಲಿಗೇ ಬಿಡಲಿಲ್ಲ. ಆಗಸ್ಟ್ 18ರಂದು ಮಡಚುವ ಕುರ್ಚಿಯೊಂದನ್ನು ಹಿಡಿದುಕೊಂಡು ಹೋಗಿ ಆ ಪೆಟ್ಟಿಗೆಯ ಎದುರು ಬಳೆಗಾಗಿ ಕಾದು ಕುಳಿತರು. ಬೆಂಗಳೂರಿನ ಆಗಸ್ಟ್ ತಿಂಗಳು ಹೇಗಿರಬೇಕೋ ಹಾಗೆಯೇ ಇತ್ತು: ಮಧ್ಯಾಹ್ನದವರೆಗೆ ಮೋಡ, ಆಮೇಲೆ ಜಿಟಿಜಿಟಿ ಮಳೆ. ಪತ್ರ ತೆಗೆಯಲು ಬಂದ ಅಂಚೆಯವರು ದೂರು ಕೊಡಲು ಕೂತವರಿರಬೇಕೆಂದುಕೊಂಡು, ಪೋಸ್ಟ್ ಆಫೀಸಿಗೆ ಹೋಗಿ ಎಂದು ದಾರಿ ತೋರಿಸಿದರಂತೆ. ಹೀಗಾಗಿ ಮೊಕದ್ದಮೆ ಇನ್ನೂ ಇತ್ಯರ್ಥವಾಗಿಲ್ಲ. ಲೆಕ್ಕಕ್ಕೆ ಮೇಷ್ಟ್ರ ವಾದವೇ ಸರಿಯೆಂದು ನನಗೂ ಅನ್ನಿಸುತ್ತದೆ. ಆದರೆ ಆ ಮಾರ್ಕರಿನ ಕೆಂಪು ಬೆಳಕಿಗಿಟ್ಟರೆ ಕೆಲವೇ ವರ್ಷಗಳಲ್ಲಿ ಮಾಸಿಹೋಗಬಹುದು, ಡಬ್ಬಿಯೊಳಗೆ ಮುಚ್ಚಿಡಿ ಎಂಬ ಒಂದು ಉಪಯುಕ್ತ ಮಾತನ್ನು ಆ ಗಲಾಟೆಯಲ್ಲಿ ಆಕೆಗೆ ಯಾರೂ ಹೇಳಲಿಲ್ಲ. ನಾನು ಹೇಳಹೊರಟಾಗ ಬಳೆಯ ಅಗಲ ಎಷ್ಟಿರಬೇಕೆಂಬ ಚರ್ಚೆ ನಡೆಯುತ್ತಿತ್ತು.

ಮುಂದಿನ ಕೂಟದಲ್ಲಿ ವಿನಿಮಯದ ಹೊತ್ತಿಗೆ ಮೇಷ್ಟ್ರು ಎಲ್ಲರಿಗಿಂತ ಮೊದಲು ಎದ್ದು, ತಮ್ಮ ಕಾರ್ಡೊಂದನ್ನು ಆಕೆಯ ಮುಂದಿಟ್ಟು ಅಂಚೆ ಪೆಟ್ಟಿಗೆಯನ್ನು ಕೇಳಿದರು. ಅವರದು ಬಾಳೆಹಣ್ಣಿನ ಚಿತ್ರ. ಹಣ್ಣು ಒಂದು ಪಾಲು, ನೆರಳು ಮೂರು ಪಾಲು. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನೆರಳು ಸ್ವಲ್ಪ ಜಾಸ್ತಿ ಆಯ್ತಲ್ಲ ಮೇಷ್ಟ್ರೇ" ಎಂದು, ಕೊಟ್ಟೇಬಿಟ್ಟರು. ಅಂಚೆ ಪೆಟ್ಟಿಗೆಯ ಮೇಲೆ ನನಗೆ ಮೊದಲ ದಿನದಿಂದಲೂ ಕಣ್ಣಿತ್ತು. ಒಂದು ಕಾರ್ಡನ್ನು ನಾಲ್ಕು ತಿಂಗಳು ಬಿಡದೆ ಬೈದವರಿಗೆ ಅದನ್ನು ಒಯ್ಯುವ ಹಕ್ಕು ಎಲ್ಲಿಂದ ಬರುತ್ತದೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.